ಒಳರಸ್ತೆಗೆ ಇಳಿದ ಕೂಡಲೇ ಬಸ್ಸಿನ ಟ್ರ್ಯಾಕರ್ ಮಾಯ: 700, 800, 900 ಬ್ಯಾಂಡ್‌ಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?

ಮಿನಿಬಸ್ ಮುಳ್ಳೇರಿಯ

ಎಲ್ಲರಿಗೂ ನಮಸ್ಕಾರ. ನಾನು ಎರಡು ಶಾಲಾ ವಾಹನಗಳನ್ನು ಗುತ್ತಿಗೆಯಲ್ಲಿ ಓಡಿಸುತ್ತಿದ್ದೇನೆ. ಎರಡರಲ್ಲೂ ಸರಕಾರ ಕಡ್ಡಾಯ ಮಾಡಿದ ಟ್ರ್ಯಾಕಿಂಗ್ ಯಂತ್ರವಿದೆ. ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಪೇಟೆಯ ಆಸುಪಾಸಿನಲ್ಲಿರುವಷ್ಟು ಹೊತ್ತು ಪರದೆಯ ಮೇಲೆ ಬಸ್ಸು ಸರಿಯಾಗಿಯೇ ಚಲಿಸುತ್ತದೆ. ಆದೂರು ದಾಟಿ ದೇಲಂಪಾಡಿಯ ಕಡೆಗೆ ಒಳರಸ್ತೆಗೆ ಇಳಿದ ಕೂಡಲೇ ಗುರುತು ಒಂದೇ ಕಡೆ ನಿಂತುಬಿಡುತ್ತದೆ, ಮತ್ತೆ ಗುಡ್ಡ ಹತ್ತಿದ ಮೇಲೆಯೇ ಅದು ಜಿಗಿದು ಮುಂದೆ ಬರುತ್ತದೆ. ಅಷ್ಟರೊಳಗೆ ಪೋಷಕರ ಫೋನುಗಳು ಒಂದರ ಹಿಂದೆ ಒಂದರಂತೆ ಬಂದಿರುತ್ತವೆ.

ಯಂತ್ರ ಮಾರಿದವರನ್ನು ಕೇಳಿದರೆ ಟವರಿನ ಸಮಸ್ಯೆ, ನಾವೇನೂ ಮಾಡುವಂತಿಲ್ಲ ಎನ್ನುತ್ತಾರೆ. ಆದರೆ ಅದೇ ಕಂಪನಿಯ ಸಿಮ್ ಇರುವ ಚಾಲಕನ ಫೋನು ಅದೇ ಜಾಗದಲ್ಲಿ ಮಾತನಾಡಲು ಸಿಗುತ್ತದೆ. ಈಗ ಇನ್ನೊಬ್ಬ ಮಾರಾಟಗಾರ ಬಂದು, 700 ಬ್ಯಾಂಡ್ ಇರುವ ಯಂತ್ರವನ್ನು ಹಾಕಿಸಿದರೆ ಕಾಡಿನ ನಡುವೆಯೂ ಸಿಗುತ್ತದೆ ಎಂದು ಹೇಳುತ್ತಿದ್ದಾನೆ. ಇದು ನಿಜವೋ ಅಥವಾ ವ್ಯಾಪಾರದ ಮಾತೋ ಎಂಬುದನ್ನು ತಿಳಿದವರು ಹೇಳಬೇಕು.

ಕೆಂಪುಕಲ್ಲು ಲಾರಿ

ಸಿಮ್ ಬದಲಾಯಿಸಿ ನೋಡಿ, ಅಷ್ಟೇ. ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ತರಂಗಾಂತರ

ಸಿಮ್ ಬದಲಾಯಿಸಿದರೆ ಸರಿಹೋಗಲೂಬಹುದು, ಆದರೆ ಏಕೆ ಸರಿಹೋಯಿತೆಂದು ಗೊತ್ತಾಗದಿದ್ದರೆ ಮುಂದಿನ ವರ್ಷ ಮತ್ತೆ ಇದೇ ಗೋಳು. ಮಾರಾಟಗಾರನ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ದೇಶದಲ್ಲಿ ಮೊಬೈಲ್ ಸೇವೆಗೆ 700, 800, 900, 1800, 2100, 2300, 2500 ಮತ್ತು 3300 ಮೆಗಾಹರ್ಟ್ಸ್ ಪಟ್ಟಿಗಳು, ಎಂದರೆ ಬ್ಯಾಂಡುಗಳು, ಬಳಕೆಯಲ್ಲಿವೆ. ಇವುಗಳಲ್ಲಿ ಮೊದಲ ಮೂರನ್ನು ಕಡಿಮೆ ಆವರ್ತನದವು ಎನ್ನುತ್ತಾರೆ. ಆವರ್ತನ ಕಡಿಮೆಯಾದಷ್ಟೂ ತರಂಗ ಉದ್ದವಾಗುತ್ತದೆ: 700 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 43 ಸೆಂಟಿಮೀಟರ್, 2300ರದ್ದು ಸುಮಾರು 13 ಸೆಂಟಿಮೀಟರ್. ಒಂದೇ ಟವರಿನಿಂದ, ಒಂದೇ ಶಕ್ತಿಯಲ್ಲಿ, ಒಂದೇ ಬಗೆಯ ಆಂಟೆನಾಗಳ ನಡುವೆ ಕಳಿಸಿದಾಗ 900ಕ್ಕೆ ಹೋಲಿಸಿದರೆ 1800ರ ಸಂಕೇತ ನಾಲ್ಕನೇ ಒಂದು ಭಾಗದಷ್ಟೇ ತಲುಪುತ್ತದೆ, ಎಂದರೆ 6 ಡೆಸಿಬೆಲ್ ನಷ್ಟ. 700 ಮತ್ತು 2300ರ ನಡುವೆ ಈ ವ್ಯತ್ಯಾಸ 10 ಡೆಸಿಬೆಲ್ ದಾಟುತ್ತದೆ, ಎಂದರೆ ಹತ್ತನೇ ಒಂದು ಭಾಗವೂ ಉಳಿಯುವುದಿಲ್ಲ. ಇದು ಬಯಲಿನ ಲೆಕ್ಕ.

ನಮ್ಮ ಊರು ಬಯಲಲ್ಲ. ಗುಡ್ಡದ ನೆತ್ತಿಯಲ್ಲಿ ಟವರ್, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಅಡಿಕೆ ತೋಟ, ತೋಟದ ಅಂಚಿನಲ್ಲಿ ರಸ್ತೆ. ಅಲ್ಲಿಗೆ ಟವರಿನಿಂದ ನೇರ ದೃಷ್ಟಿಯೇ ಇಲ್ಲ, ತರಂಗ ಗುಡ್ಡದ ಅಂಚಿನಲ್ಲಿ ಬಾಗಿ ಕೆಳಗೆ ಇಳಿಯಬೇಕು. ಉದ್ದದ ತರಂಗ ಹೀಗೆ ಬಾಗುವಾಗ ಕಡಿಮೆ ಕಳೆದುಕೊಳ್ಳುತ್ತದೆ. ಗುಡ್ಡದ ನೆರಳು ಗಾಢವಾಗಿರುವಲ್ಲಿ 700 ಮತ್ತು 2300ರ ನಡುವೆ ಇದೊಂದರಿಂದಲೇ ಇನ್ನೂ ಸುಮಾರು 5 ಡೆಸಿಬೆಲ್ ವ್ಯತ್ಯಾಸವಾಗುತ್ತದೆ. ಅದರ ಮೇಲೆ ರಬ್ಬರ್ ಮತ್ತು ಅಡಿಕೆ ಮರಗಳ ಸೊಪ್ಪು ಹೀರುವುದು ಬೇರೆ. ಅದೂ ಆವರ್ತನ ಏರಿದಂತೆ ಹೆಚ್ಚುತ್ತದೆ. ಇವೆಲ್ಲ ಸೇರಿದಾಗ ಪೇಟೆಯಲ್ಲಿ ಭರ್ಜರಿ ವೇಗ ಕೊಡುವ 2300ರ ಪಟ್ಟಿ ತೋಟದ ರಸ್ತೆಯಲ್ಲಿ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಅಲ್ಲಿ ಏನಾದರೂ ಸಿಗುವುದಿದ್ದರೆ ಅದು 700, 800 ಅಥವಾ 900ರಲ್ಲಿ ಮಾತ್ರ.

ಪೆರ್ಲದ ಪೇಟೆ

ವಿವರಣೆ ಚೆನ್ನಾಗಿದೆ, ಆದರೆ ಸಮಸ್ಯೆ ಜಿಪಿಎಸ್‌ನಲ್ಲಿಯೇ ಇದ್ದರೆ? ದಟ್ಟ ಮರಗಳ ಕೆಳಗೆ ಉಪಗ್ರಹದ ಸಂಕೇತ ಸಿಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿರುವ ಸಂಗತಿ. ರೋಗ ಯಾವುದೆಂದು ತಿಳಿಯದೆ ಮೊಬೈಲ್ ಬ್ಯಾಂಡಿನ ಬೆನ್ನು ಹತ್ತಿ ಏನು ಪ್ರಯೋಜನ?

ತರಂಗಾಂತರ

ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೆ ಉತ್ತರ ಯಂತ್ರದ ದಾಖಲೆಯಲ್ಲಿಯೇ ಇದೆ. ವಾಹನಗಳ ಟ್ರ್ಯಾಕಿಂಗ್ ಯಂತ್ರಕ್ಕೆ ಸರಕಾರ ಇಟ್ಟಿರುವ ಎಐಎಸ್-140 ಮಾನದಂಡದ ಯಂತ್ರ ಕಳಿಸುವ ಪ್ರತಿಯೊಂದು ಸಂದೇಶದಲ್ಲಿ ಉಪಗ್ರಹದ ಸ್ಥಾನ ಸಿಕ್ಕಿತೇ ಇಲ್ಲವೇ, ಎಷ್ಟು ಉಪಗ್ರಹಗಳು ಕಂಡವು, ಮೊಬೈಲ್ ಸಂಕೇತದ ಬಲ 0ಯಿಂದ 31ರವರೆಗಿನ ಅಳತೆಯಲ್ಲಿ ಎಷ್ಟಿತ್ತು, ಯಾವ ಟವರಿಗೆ ಅಂಟಿಕೊಂಡಿತ್ತು, ಸಂದೇಶ ಆಗಲೇ ಹೊರಟದ್ದೋ ಅಥವಾ ನೆನಪಿನಲ್ಲಿಟ್ಟುಕೊಂಡು ತಡವಾಗಿ ಕಳಿಸಿದ್ದೋ ಎಂಬುದೆಲ್ಲ ಇರುತ್ತದೆ. ನೆಟ್‌ವರ್ಕ್ ಇಲ್ಲದಾಗ ಕನಿಷ್ಠ 40,000 ಸ್ಥಾನಗಳನ್ನು ಯಂತ್ರವೇ ಕೂಡಿಟ್ಟುಕೊಳ್ಳಬೇಕು ಎಂಬ ನಿಯಮವೂ ಅದರಲ್ಲಿದೆ.

ಆದ್ದರಿಂದ ಸಂಜೆ ಕುಳಿತು ಆ ದಿನದ ಓಡಾಟವನ್ನು ಮತ್ತೊಮ್ಮೆ ನೋಡಿ. ಬಸ್ಸು ಮಾಯವಾಗಿದ್ದ ಹಾದಿಯಲ್ಲಿ ತಿರುವು ತಿರುವಿಗೂ ಚುಕ್ಕೆಗಳು ಮೂಡಿದ್ದರೆ ಜಿಪಿಎಸ್ ಸರಿಯಾಗಿತ್ತು, ನೆಟ್‌ವರ್ಕ್ ಮಾತ್ರ ಇರಲಿಲ್ಲ ಎಂದರ್ಥ. ಚುಕ್ಕೆಗಳೇ ಇಲ್ಲದೆ ಗುಡ್ಡವನ್ನು ಅಡ್ಡ ಸೀಳಿದಂತೆ ಒಂದು ನೇರ ಗೆರೆ ಬಂದಿದ್ದರೆ ಪೆರ್ಲದವರ ಸಂಶಯವೇ ನಿಜ ಎಂದು ತಿಳಿಯಬೇಕು.

ಇಬ್ಬರು ಮಕ್ಕಳ ತಾಯಿ

ಸಂಜೆ ಕುಳಿತು ನೋಡಿದರೆ ನಮಗೆ ಏನು ಬಂತು ಸ್ವಾಮಿ? ಮಗು ಮಳೆಯಲ್ಲಿ ರಸ್ತೆ ಬದಿಯಲ್ಲಿ ಕಾಯುತ್ತಿರುವಾಗ ಬಸ್ಸು ಎಲ್ಲಿದೆ ಎಂಬುದು ಆಗಲೇ ಗೊತ್ತಾಗಬೇಕು.

ಪಾಣತ್ತೂರು ಘಾಟಿ

ಪೋಷಕರು ಕಾಯುವುದು ಒಂದು ವಿಷಯವಾದರೆ, ವಾಹನದೊಳಗಿನ ತುರ್ತು ಗುಂಡಿ ಇನ್ನೊಂದು. ಯಂತ್ರ ಕೂಡಿಟ್ಟುಕೊಂಡ ಸ್ಥಾನಗಳನ್ನು ಗುಡ್ಡ ಹತ್ತಿದ ಮೇಲೆ ಕಳಿಸಿದರೂ ಲೆಕ್ಕಪತ್ರಕ್ಕೆ ಸಾಕು, ಆದರೆ ಅಪಘಾತವಾದ ಜೀಪಿನಲ್ಲಿ ಒತ್ತಿದ ಗುಂಡಿಯ ಸಂದೇಶಕ್ಕೆ ಕಾಯಲು ಸಮಯವಿರುವುದಿಲ್ಲ. ಪಾಣತ್ತೂರಿನಿಂದ ಕರಿಕೆಯ ಮೂಲಕ ಭಾಗಮಂಡಲದ ಕಡೆಗೆ ಹತ್ತುವ ರಸ್ತೆಯಲ್ಲಿ ಓಡಾಡುವವರಿಗೆ ಇದು ಚೆನ್ನಾಗಿ ತಿಳಿದಿದೆ. ಅಲ್ಲಿ ಜಾರಿ ಬಿದ್ದ ವಾಹನ ತಾನಾಗಿ ಸಿಗ್ನಲ್ ಇರುವ ಕಡೆಗೆ ಹೋಗಲಾರದು. 2019ರ ಜನವರಿ 1ರಿಂದ ಹೊಸ ಸಾರ್ವಜನಿಕ ವಾಹನಗಳಲ್ಲಿ ಟ್ರ್ಯಾಕಿಂಗ್ ಯಂತ್ರದ ಜತೆಗೆ ತುರ್ತು ಗುಂಡಿಯನ್ನೂ ಕಡ್ಡಾಯ ಮಾಡಿದರು. ಗುಂಡಿ ಒತ್ತುವ ಸಂದರ್ಭ ಬರುವುದೇ ಇಂಥ ರಸ್ತೆಗಳಲ್ಲಿ, ನೆಟ್‌ವರ್ಕ್ ಇಲ್ಲದಿರುವುದೂ ಇಲ್ಲಿಯೇ.

ಹಳೆ 2ಜಿ ಅಭಿಮಾನಿ

ನಾನು ಎಷ್ಟೋ ಸಮಯದಿಂದ ಹೇಳುತ್ತಿರುವುದೂ ಇದನ್ನೇ. ಹಳೆಯ 2ಜಿ ಯಂತ್ರಕ್ಕೆ ಸರಿಸಾಟಿ ಯಾವುದೂ ಇಲ್ಲ. 900 ಮೆಗಾಹರ್ಟ್ಸ್‌ನ 2ಜಿ ಯಂತ್ರ 2 ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ, ಈ ಹೊಸ 4ಜಿ ಯಂತ್ರಗಳ ಗರಿಷ್ಠ ಶಕ್ತಿ 200 ಮಿಲಿವ್ಯಾಟ್ ಮಾತ್ರ. ಟವರಿನ ಮಾತು ಯಂತ್ರಕ್ಕೆ ಕೇಳಿಸಿದರೆ ಸಾಲದು, ಯಂತ್ರದ ಮಾತೂ ಟವರಿಗೆ ಕೇಳಿಸಬೇಕಲ್ಲವೇ? ಟ್ರ್ಯಾಕರ್ ಎಂಬುದು ಕೇಳುವುದಕ್ಕಿಂತ ಹೇಳುವುದೇ ಹೆಚ್ಚು.

ಕುಂಬಳೆ ಕರಾವಳಿ

ಆ 2 ವ್ಯಾಟ್ ಸಮಯದ ಎಂಟನೇ ಒಂದು ಭಾಗದಲ್ಲಿ ಮಾತ್ರ ಹೊರಡುತ್ತದೆ ಎಂಬುದನ್ನು ಬಿಟ್ಟುಬಿಟ್ಟಿರಿ. ಆ ಕ್ಷಣದಲ್ಲಿ ಸುಮಾರು 2 ಆಂಪಿಯರ್ ವಿದ್ಯುತ್ ಎಳೆಯುತ್ತದೆ ಎಂಬುದನ್ನೂ ಹೇಳಲಿಲ್ಲ. ಅದಿರಲಿ, 2ಜಿ ಎಷ್ಟು ದಿನ? ಜಿಯೋಗೆ ಮೊದಲಿನಿಂದಲೂ 2ಜಿ ಇಲ್ಲವೇ ಇಲ್ಲ. ಏರ್‌ಟೆಲ್ 2020ರ ಹೊತ್ತಿಗೆ 3ಜಿಯನ್ನು ಮುಚ್ಚಿತು. ಈಗ ಉಳಿದಿರುವ 2ಜಿಯನ್ನು ನಂಬಿ ಇನ್ನೂ ಹತ್ತು ವರ್ಷ ಓಡಬೇಕಾದ ಬಸ್ಸಿಗೆ ಯಂತ್ರ ಹಾಕಿಸುವುದು ಜಾಣತನವಲ್ಲ.

ಹಳೆ 2ಜಿ ಅಭಿಮಾನಿ

ಹತ್ತು ವರ್ಷದ ಚಿಂತೆ ನಿಮಗಿರಲಿ. ನನ್ನ ಯಂತ್ರ ಇವತ್ತು ಬಂದಡ್ಕದಲ್ಲಿ ಕೆಲಸ ಮಾಡುತ್ತದೆ, ಪಕ್ಕದ ಮನೆಯವರ ಹೊಸದು ಮಾಡುವುದಿಲ್ಲ.

ತರಂಗಾಂತರ

ಇಬ್ಬರ ಮಾತೂ ಒಂದೇ ಕಡೆಗೆ ಬೊಟ್ಟು ಮಾಡುತ್ತಿದೆ. ಬಂದಡ್ಕದಲ್ಲಿ ಹಳೆಯ ಯಂತ್ರ ಗೆಲ್ಲುತ್ತಿರುವುದಕ್ಕೆ ಅದರ ಶಕ್ತಿ ಒಂದು ಕಾರಣ, ಅದು ಮಾತನಾಡುತ್ತಿರುವ 900ರ ಪಟ್ಟಿ ಇನ್ನೊಂದು. ಹೊಸ ಯಂತ್ರ 1800 ಅಥವಾ 2300ರಲ್ಲಿ ಟವರ್ ಹುಡುಕಿ ಸೋಲುತ್ತಿರಬಹುದು. ಅದೇ 4ಜಿ ಯಂತ್ರಕ್ಕೆ ಕಡಿಮೆ ಆವರ್ತನದ 4ಜಿ ಟವರ್ ಸಿಕ್ಕಿದರೆ ಚಿತ್ರ ಬದಲಾಗುತ್ತದೆ. ಯಂತ್ರದ ಕೂಗು ಕ್ಷೀಣವಾಗಿದ್ದಷ್ಟೂ ಆವರ್ತನ ಕಡಿಮೆ ಇರುವುದು ಹೆಚ್ಚು ಮುಖ್ಯವಾಗುತ್ತದೆ, ಏಕೆಂದರೆ ಟವರಿಗೆ ಹತ್ತಾರು ವ್ಯಾಟ್ ಶಕ್ತಿಯಿದೆ, ಯಂತ್ರಕ್ಕೆ ಇಲ್ಲ.

ಕಡಿಮೆ ಆವರ್ತನದ ದೌರ್ಬಲ್ಯ ಟ್ರ್ಯಾಕರಿಗೆ ತಟ್ಟುವುದಿಲ್ಲ ಎಂಬುದನ್ನೂ ಗಮನಿಸಿ. 700ರಿಂದ 900ರವರೆಗೆ ಒಬ್ಬೊಬ್ಬ ಕಂಪನಿಯ ಬಳಿ ಸಾಮಾನ್ಯವಾಗಿ 5 ಅಥವಾ 10 ಮೆಗಾಹರ್ಟ್ಸ್ ಅಗಲ ಮಾತ್ರ ಇರುತ್ತದೆ, ಆದ್ದರಿಂದ ವೇಗ ಕಡಿಮೆ. ವಿಡಿಯೋ ನೋಡುವವರಿಗೆ ಅದು ಕಿರಿಕಿರಿ. ಆದರೆ ಟ್ರ್ಯಾಕರಿನ ಒಂದು ಸಂದೇಶ 200 ಬೈಟ್ ಎಂದಿಟ್ಟುಕೊಂಡು, ಹತ್ತು ಸೆಕೆಂಡಿಗೊಮ್ಮೆ ಹತ್ತು ಗಂಟೆ ಕಳಿಸಿದರೂ ಇಡೀ ದಿನಕ್ಕೆ 720 ಕಿಲೋಬೈಟ್ ದಾಟುವುದಿಲ್ಲ. ಒಂದು ಮದುವೆಯ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ.

ಗಲ್ಫ್ ಮರಳಿದವ

ದುಬೈಯಿಂದ ಬರುವಾಗ ಕಾರಿಗೆಂದು ಒಂದು ಒಳ್ಳೆಯ ಟ್ರ್ಯಾಕರ್ ತಂದಿದ್ದೆ. ಪೆಟ್ಟಿಗೆಯ ಮೇಲೆ 800 ಬ್ಯಾಂಡ್ ಇದೆ ಎಂದು ದೊಡ್ಡದಾಗಿ ಬರೆದಿದೆ. ಇಲ್ಲಿ ಜಿಯೋ 800ರಲ್ಲಿ 4ಜಿ ಕೊಡುತ್ತದೆ ಎಂದು ಕೇಳಿ ಅದರ ಸಿಮ್ ಹಾಕಿದರೆ, ಪೇಟೆಯಲ್ಲಿ ಸಿಗುತ್ತದೆ, ಮನೆಯ ಹತ್ತಿರ ಸಿಗುವುದಿಲ್ಲ. ಮೇಲಿನ ಸಿದ್ಧಾಂತ ಇಲ್ಲಿ ಸುಳ್ಳಾಯಿತಲ್ಲ?

ತರಂಗಾಂತರ

ಸಿದ್ಧಾಂತ ಸುಳ್ಳಾಗಿಲ್ಲ, ಪೆಟ್ಟಿಗೆಯ ಮೇಲಿನ 800 ಬೇರೆ. ಪ್ರತಿಯೊಂದು ಪಟ್ಟಿಗೂ ಒಂದು ಬ್ಯಾಂಡ್ ಸಂಖ್ಯೆ ಇರುತ್ತದೆ; ಯುರೋಪ್ ಮತ್ತು ಗಲ್ಫ್ ಕಡೆಯ 800 ಎಂದರೆ ಬ್ಯಾಂಡ್ 20. ಅದರಲ್ಲಿ ಟವರ್ ಕಳಿಸುವುದು 791ರಿಂದ 821 ಮೆಗಾಹರ್ಟ್ಸ್‌ನಲ್ಲಿ. ನಮ್ಮ 800 ಎಂದರೆ ಬ್ಯಾಂಡ್ 5, ಇಲ್ಲಿ ಟವರ್ ಕಳಿಸುವುದು 869ರಿಂದ 894ರಲ್ಲಿ. ಎರಡಕ್ಕೂ ಸಂಬಂಧವೇ ಇಲ್ಲ. ಅಮೆರಿಕದಿಂದ ತಂದ ಯಂತ್ರದ 700 ಕೂಡ ಹಾಗೆಯೇ: ಅಲ್ಲಿಯದು ಬ್ಯಾಂಡ್ 12, 13, 17, ನಮ್ಮದು ಬ್ಯಾಂಡ್ 28. ಮೆಗಾಹರ್ಟ್ಸ್ ನೋಡಿ ಕೊಳ್ಳಬೇಡಿ, ಬ್ಯಾಂಡ್ ಸಂಖ್ಯೆಯನ್ನು ನೋಡಿ ಕೊಳ್ಳಿ. ನಿಮ್ಮ ಯಂತ್ರಕ್ಕೆ ಪೇಟೆಯಲ್ಲಿ 1800ರ ಬ್ಯಾಂಡ್ 3 ಸಿಗುತ್ತಿರಬೇಕು, ಮನೆಯ ಹತ್ತಿರ ಅದು ತಲುಪುವುದಿಲ್ಲ.

ಕೆಂಪುಕಲ್ಲು ಲಾರಿ

ಹಾಗಾದರೆ 700 ಇದ್ದರೆ ಎಲ್ಲ ಸರಿಯಾಗುತ್ತದೆ ಎಂದಾಯಿತು. ಜಿಯೋ 2022ರ ಹರಾಜಿನಲ್ಲಿ ಇಡೀ ದೇಶಕ್ಕೆ 700 ಕೊಂಡಿದೆ. ಆ ಸಿಮ್ ಹಾಕಿ, ಬ್ಯಾಂಡ್ 28ರ ಯಂತ್ರ ಹಾಕಿ, ವಿಷಯ ಮುಗಿಯಿತು.

ಕುಂಬಳೆ ಕರಾವಳಿ

ಮುಗಿಯಲಿಲ್ಲ. ಜಿಯೋ 700ನ್ನು 5ಜಿಗೆ ಬಳಸುತ್ತಿದೆ. ಸಾಮಾನ್ಯ ಟ್ರ್ಯಾಕರುಗಳಲ್ಲಿ ಇರುವುದು 4ಜಿ ಮೋಡೆಮ್, ಅದಕ್ಕೆ ಆ 5ಜಿ ಕಾಣುವುದೇ ಇಲ್ಲ. ಜಿಯೋದಲ್ಲಿ 4ಜಿಗೆ ಕಡಿಮೆ ಆವರ್ತನ ಎಂದರೆ ಬ್ಯಾಂಡ್ 5. ಏರ್‌ಟೆಲ್ ಮತ್ತು ವಿಐ ಕಂಪನಿಗಳಿಗೆ ಅದು 900, ಎಂದರೆ ಬ್ಯಾಂಡ್ 8; ಅಲ್ಲಿ 2ಜಿ ಇದೆ, ಕೆಲವೆಡೆ ಅದೇ ಪಟ್ಟಿಯಲ್ಲಿ 4ಜಿಯೂ ಇದೆ. 4ಜಿಯನ್ನು 700ರಲ್ಲಿ ಕೊಡುತ್ತಿರುವುದು ಬಿಎಸ್ಎನ್ಎಲ್. ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟದ್ದು, ಅದನ್ನು ವಹಿಸಿದ್ದು ಬಿಎಸ್ಎನ್ಎಲ್‌ಗೆ. ಆದ್ದರಿಂದ 700 ಎಂಬ ಮಾತಿಗೆ ಅರ್ಥ ಬರುವುದು ಯಂತ್ರದಲ್ಲಿರುವ ಸಿಮ್ ಯಾರದ್ದು ಎಂದು ತಿಳಿದ ಮೇಲೆ ಮಾತ್ರ.

ಪೆರ್ಲದ ಪೇಟೆ

ನಮ್ಮ ಎಣ್ಮಕಜೆಯ ಕಡೆ ಯಾವ ಬ್ಯಾಂಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಳೆ ಶುರುವಾದರೆ ಸಿಗ್ನಲ್ ಹೋಗುತ್ತದೆ. ಮಳೆನೀರೇ ಎಲ್ಲ ತರಂಗವನ್ನೂ ಹೀರಿಬಿಡುತ್ತದೆ.

ತರಂಗಾಂತರ

ಈ ಆವರ್ತನಗಳಲ್ಲಿ ಮಳೆಹನಿಗಳಿಂದ ಆಗುವ ನಷ್ಟ ಲೆಕ್ಕಕ್ಕೆ ಇಲ್ಲದಷ್ಟು ಕಡಿಮೆ. ಅದು ದೊಡ್ಡದಾಗುವುದು 10 ಗಿಗಾಹರ್ಟ್ಸ್ ದಾಟಿದ ಮೇಲೆ, ಉದಾಹರಣೆಗೆ ಟಿವಿಯ ಡಿಶ್‌ನಲ್ಲಿ. ಮಳೆಗಾಲದಲ್ಲಿ ನಮಗೆ ತೊಂದರೆ ಕೊಡುವುದು ಒದ್ದೆಯಾದ ಎಲೆಗಳು. ಅವು ಒಣ ಎಲೆಗಳಿಗಿಂತ ಹೆಚ್ಚು ಹೀರುತ್ತವೆ. ರಬ್ಬರ್ ತೋಟದ ಪಕ್ಕದಲ್ಲಿ ಇರುವವರು, ಎಲೆ ಉದುರುವ ಡಿಸೆಂಬರ್–ಜನವರಿಯ ಹೊತ್ತಿಗೂ ಜುಲೈ ತಿಂಗಳಿಗೂ ತಮ್ಮ ಫೋನಿನ ಸಂಕೇತವನ್ನು ಅಳೆದು ಹೋಲಿಸಿ ನೋಡಬಹುದು.

ಬೇಳದ ಬೈಲು

ಮಳೆ ಬಂದರೆ ಮೊದಲು ಹೋಗುವುದು ಕರೆಂಟು. ಕರೆಂಟು ಹೋದ ಮೇಲೆ ಟವರಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಡೆಸಿಬೆಲ್ ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಳ್ಳಬೇಕು.

ತರಂಗಾಂತರ

ಸೇರಿಸಿಕೊಳ್ಳೋಣ. ಆದರೆ ಹತ್ತಿರದ ಟವರ್ ಆರಿದಾಗ ಮುಂದಿನ ಟವರ್ ಇರುವುದು ಎರಡು ಗುಡ್ಡಗಳ ಆಚೆ. ಅಷ್ಟು ದೂರದಿಂದ ತಲುಪಬಲ್ಲದ್ದು ಯಾವ ಪಟ್ಟಿ ಎಂದು ಬೇರೆ ಹೇಳಬೇಕೇ?

ತಲಪಾಡಿ ತಿರುವು

ನನ್ನದು ಟ್ಯಾಕ್ಸಿ, ಕಾಸರಗೋಡಿನಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಓಡಾಟ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಟವರಿಗೆ ಬರವಿಲ್ಲ, ಗುಡ್ಡವೂ ಇಲ್ಲ. ಆದರೂ ತಲಪಾಡಿ ದಾಟಿ ಬರುವಾಗ ಮಂಜೇಶ್ವರದವರೆಗೂ ಗಾಡಿ ಪರದೆಯಲ್ಲಿ ಅಲುಗಾಡುವುದಿಲ್ಲ. ಇದು ಯಾವ ಆವರ್ತನದ ಮಹಿಮೆ?

ಕುಂಬಳೆ ಕರಾವಳಿ

ಅದು ಗಡಿಯ ಮಹಿಮೆ. ಮೊಬೈಲ್ ಸೇವೆಗಾಗಿ ದೇಶವನ್ನು ಹಂಚಿದ ವೃತ್ತಗಳಲ್ಲಿ (ಸರ್ಕಲ್) ಕಾಸರಗೋಡು ಕೇರಳ ವೃತ್ತಕ್ಕೆ ಸೇರಿದೆ, ತಲಪಾಡಿಯ ಆಚೆಗೆ ಕರ್ನಾಟಕ ವೃತ್ತ. ಒಂದೇ ಕಂಪನಿಯಾದರೂ ಎರಡು ವೃತ್ತಗಳಿಗೆ ನೆಟ್‌ವರ್ಕ್ ಸಂಕೇತಸಂಖ್ಯೆ ಬೇರೆ ಬೇರೆ. ಕಂಪನಿ ಅವೆರಡನ್ನೂ ಸಮಾನವೆಂದು ಹೊಂದಿಸಿಡದಿದ್ದರೆ, ಯಂತ್ರ ಹಳೆಯದನ್ನು ಪೂರ್ತಿ ಕಳೆದುಕೊಂಡ ಮೇಲೆಯೇ ಹೊಸದನ್ನು ಹುಡುಕಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಹೊರಗಿನ ವೃತ್ತದಲ್ಲಿರುವಾಗ ಸ್ವಂತ ವೃತ್ತವಿದೆಯೇ ಎಂದು ಹುಡುಕುವ ಅವಧಿಯನ್ನು ಸಿಮ್ಮಿನಲ್ಲಿಯೇ ಬರೆದಿರುತ್ತಾರೆ. ಅದು 6 ನಿಮಿಷಗಳ ಗುಣಕದಲ್ಲಿ ಇರುತ್ತದೆ, ಒಂದು ಗಂಟೆಯೂ ಇರಬಹುದು.

ತರಂಗಾಂತರ

ಇಲ್ಲಿ ಆವರ್ತನದ ಪಾತ್ರವೂ ಇದೆ, ಆದರೆ ಅದು ನಮಗೆ ಅನುಕೂಲದ್ದಲ್ಲ. ಕಡಿಮೆ ಆವರ್ತನ ದೂರ ತಲುಪುವುದರಿಂದ ಆಚೆ ಕಡೆಯ ಟವರಿನ ಕ್ಷೀಣ ಸಂಕೇತ ಮಂಜೇಶ್ವರದವರೆಗೂ ಬೆನ್ನು ಬಿಡುವುದಿಲ್ಲ. ಯಂತ್ರ ಅದಕ್ಕೇ ಅಂಟಿಕೊಂಡು ಸರಿಯಾಗಿ ಮಾತನಾಡಲೂ ಆಗದೆ, ಬಿಡಲೂ ಆಗದೆ ಒದ್ದಾಡುತ್ತದೆ. ಎಐಎಸ್-140 ಯಂತ್ರದ ಒಳಗೇ ಕೂಡಿಸಿದ ಸಿಮ್ ಇರಬೇಕು, ಒಂದು ನೆಟ್‌ವರ್ಕ್ ಕೈಕೊಟ್ಟರೆ ತಾನಾಗಿ ಇನ್ನೊಂದಕ್ಕೆ ಹೋಗಬೇಕು ಎಂಬ ನಿಯಮವಿದೆ. ಆದರೆ ಕೈಕೊಟ್ಟಿತು ಎಂದು ಯಂತ್ರ ತೀರ್ಮಾನಿಸುವುದು ಯಾವಾಗ ಎಂಬುದು ತಯಾರಕ ಬರೆದ ತಂತ್ರಾಂಶಕ್ಕೆ ಬಿಟ್ಟದ್ದು. ಸಂಕೇತದ ಬಲ ನೋಡಿ ತೀರ್ಮಾನಿಸುವ ಯಂತ್ರ ಮೋಸ ಹೋಗುತ್ತದೆ, ಸಂದೇಶಕ್ಕೆ ಸರ್ವರಿನಿಂದ ಉತ್ತರ ಬಂತೇ ಎಂದು ನೋಡುವ ಯಂತ್ರ ಬೇಗ ಎಚ್ಚೆತ್ತುಕೊಳ್ಳುತ್ತದೆ. ಮಾರಾಟಗಾರನಲ್ಲಿ ಇದನ್ನು ಕೇಳಿ.

ತಲಪಾಡಿ ತಿರುವು

ಕೇಳುವುದು ಹೇಗೆ? ಯಂತ್ರದ ಜತೆಗೆ ಕೊಟ್ಟ ಪುಸ್ತಿಕೆ ಮಲೆಯಾಳದಲ್ಲಿ, ಸಹಾಯವಾಣಿಯವರು ಮಾತನಾಡುವುದು ಮಲೆಯಾಳದಲ್ಲಿ. ಅರ್ಥವಾಗುವುದು ಬಿಲ್ಲಿನ ಮೊತ್ತ ಒಂದೇ.

ನಿರ್ವಾಹಕ

ಭಾಷೆಯ ವಿಷಯಕ್ಕೆ ಬೇರೆ ಚರ್ಚೆ ತೆರೆಯೋಣ. ಇಲ್ಲಿ ಟ್ರ್ಯಾಕರಿನ ಮಾತು ಮುಂದುವರಿಯಲಿ.

ಬದಿಯಡ್ಕ ಆಟೋ ಇಲೆಕ್ಟ್ರಿಷಿಯನ್

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯದೆ ಇರಲಾಗಲಿಲ್ಲ. ಬ್ಯಾಂಡ್, ಟವರ್, ಗಡಿ ಎಲ್ಲವನ್ನೂ ಹೇಳಿದಿರಿ, ಯಂತ್ರವನ್ನು ಎಲ್ಲಿ ಕೂರಿಸಿದ್ದಾರೆ ಎಂದು ಯಾರೂ ಕೇಳಲಿಲ್ಲ.

ನನ್ನ ಬಳಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಹೀಗಿರುತ್ತವೆ. ಮೊನ್ನೆ ಒಂದು ಶಾಲಾ ವಾಹನದ ಡ್ಯಾಶ್‌ಬೋರ್ಡ್ ಬಿಚ್ಚಿದೆ. ಯಂತ್ರವನ್ನು ವೈಪರ್ ಮೋಟಾರಿನ ಹಿಂದೆ, ತಗಡಿನ ಪಟ್ಟಿಯ ಕೆಳಗೆ ತುರುಕಿ ಇಟ್ಟಿದ್ದರು. ಹೊರಗಿನ ಆಂಟೆನಾ ಇರುವ ಮಾದರಿಯೇ ಅದು, ಆದರೆ ಆಂಟೆನಾದ ತಂತಿಯನ್ನು ಬಿಡಿಸಿರಲೇ ಇಲ್ಲ. ಅಂಗಡಿಯಿಂದ ಬಂದ ಸುರುಳಿಯನ್ನು ಹಾಗೆಯೇ ಪ್ಲಾಸ್ಟಿಕ್ ಪಟ್ಟಿಯಿಂದ ಸ್ಟೀರಿಂಗ್ ಕೆಳಗಿನ ಕಬ್ಬಿಣದ ಸರಳಿಗೆ ಬಿಗಿದು, ಆಂಟೆನಾದ ಅಂಟು ಕಾಗದವನ್ನೂ ತೆಗೆಯದೆ ಸರಳಿನ ಮೇಲೆ ಮಲಗಿಸಿದ್ದರು. ತಿರುಪಿನ ಕನೆಕ್ಟರ್ ಕೈಯಲ್ಲಿ ಮುಟ್ಟಿದರೆ ತಿರುಗುವಷ್ಟು ಸಡಿಲವಾಗಿತ್ತು, ಒಳಗೆ ಹಸಿರು ಕಿಲುಬು ಹಿಡಿದಿತ್ತು. ಆ ತಂತಿಯನ್ನು ಬಿಡಿಸಿ, ಕಿಲುಬು ತೆಗೆದು, ಆಂಟೆನಾವನ್ನು ಮುಂದಿನ ಗಾಜಿನ ಮೇಲಂಚಿಗೆ, ಲೋಹದಿಂದ ನಾಲ್ಕು ಬೆರಳು ದೂರಕ್ಕೆ ಅಂಟಿಸಿದೆ. ಸಿಮ್ ಬದಲಾಯಿಸಲಿಲ್ಲ, ಯಂತ್ರ ಬದಲಾಯಿಸಲಿಲ್ಲ, ಆ ವಾಹನದ ದೂರು ಅಲ್ಲಿಗೇ ನಿಂತಿತು.

ಚಾಲಕನ ಫೋನಿಗೆ ಸಿಗುವುದು ಯಂತ್ರಕ್ಕೆ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಫೋನು ಕಿಟಕಿಯ ಪಕ್ಕದ ಜೇಬಿನಲ್ಲಿದೆ, ಯಂತ್ರ ತಗಡಿನ ಪೆಟ್ಟಿಗೆಯಲ್ಲಿದೆ.

ತರಂಗಾಂತರ

ಚಿನ್ನದಂಥ ಮಾತು, ಮತ್ತು ಇದಕ್ಕೂ ಆವರ್ತನಕ್ಕೂ ನೇರ ಸಂಬಂಧವಿದೆ. ಆಂಟೆನಾದ ಸಹಜ ಗಾತ್ರ ತರಂಗದ ಉದ್ದದ ಕಾಲು ಭಾಗ. 700ಕ್ಕೆ ಅದು ಸುಮಾರು 10.7 ಸೆಂಟಿಮೀಟರ್, 900ಕ್ಕೆ 8.3 ಸೆಂಟಿಮೀಟರ್, 2300ಕ್ಕೆ 3.3 ಸೆಂಟಿಮೀಟರ್ ಮಾತ್ರ. ಬೆಂಕಿಪೆಟ್ಟಿಗೆಯಷ್ಟು ಸಣ್ಣ ಟ್ರ್ಯಾಕರಿನ ಒಳಗೇ ಆಂಟೆನಾ ಅಡಗಿಸಿದರೆ ಅದು 2300ರಲ್ಲಿ ಚೆನ್ನಾಗಿ ಕೆಲಸ ಮಾಡಿ, 700ರಲ್ಲಿ ಅರೆಜೀವವಾಗುತ್ತದೆ. ಗುಡ್ಡ ದಾಟಿ ಬಂದ ಲಾಭವನ್ನು ಅಲ್ಲಿಯೇ ಕಳೆದುಕೊಂಡಂತೆ. ಕಾಗದದ ಮೇಲೆ ಬ್ಯಾಂಡ್ 28 ಇದ್ದರೂ ಸಣ್ಣ ಯಂತ್ರ ನಮ್ಮ ರಸ್ತೆಗಳಿಗೆ ಸೂಕ್ತವಲ್ಲ. ಹೊರಗೆ ಇಡುವ ಆಂಟೆನಾ ಇರುವುದನ್ನೇ ತೆಗೆದುಕೊಳ್ಳಬೇಕು.

ಫೋನಿನ ಬಗ್ಗೆ ಇನ್ನೊಂದು ಮಾತು. ಫೋನಿನಲ್ಲಿ ಸಂಕೇತ ಹಿಡಿಯಲು ಎರಡೋ ನಾಲ್ಕೋ ಆಂಟೆನಾಗಳಿರುತ್ತವೆ. ಅಗ್ಗದ ಟ್ರ್ಯಾಕರುಗಳಲ್ಲಿ ಈಗ ಹೆಚ್ಚಾಗಿ ಬರುತ್ತಿರುವ ಕ್ಯಾಟ್-1 ಬಿಸ್ ಎಂಬ ಕಡಿಮೆ ವೇಗದ 4ಜಿ ಮೋಡೆಮಿಗೆ ಒಂದೇ ಆಂಟೆನಾ. ತಿರುವಿನಲ್ಲಿ ಒಂದು ಆಂಟೆನಾಕ್ಕೆ ಸಂಕೇತ ತಪ್ಪಿದರೆ ಫೋನಿಗೆ ಇನ್ನೊಂದರ ಆಸರೆ ಇದೆ, ಟ್ರ್ಯಾಕರಿಗೆ ಇಲ್ಲ.

ಬೇಳದ ಬೈಲು

ಎನ್‌ಬಿ-ಐಒಟಿ ಎಂಬುದೊಂದು ಬಂದಿದೆಯಲ್ಲ, ನೆಲಮಾಳಿಗೆಯಲ್ಲೂ ಸಿಗುತ್ತದಂತೆ. ಅದನ್ನು ಏಕೆ ಹಾಕುವುದಿಲ್ಲ?

ಕುಂಬಳೆ ಕರಾವಳಿ

ಅದನ್ನು ರೂಪಿಸಿದ್ದು ನೀರಿನ ಮೀಟರಿನಂತೆ ಒಂದೇ ಕಡೆ ಕುಳಿತ ಯಂತ್ರಗಳಿಗಾಗಿ. 2ಜಿಗಿಂತ 20 ಡೆಸಿಬೆಲ್ ಆಳಕ್ಕೆ ಇಳಿಯುತ್ತದೆ ಎಂಬುದು ನಿಜ, ಆದರೆ ಒಂದೇ ಸಂದೇಶವನ್ನು ಮತ್ತೆ ಮತ್ತೆ ಕಳಿಸಿ ಅದನ್ನು ಸಾಧಿಸುತ್ತದೆ. ಓಡುತ್ತಿರುವಾಗ ಒಂದು ಟವರಿನಿಂದ ಇನ್ನೊಂದಕ್ಕೆ ಸಂಪರ್ಕ ಕಡಿಯದೆ ದಾಟಿಸುವ ವ್ಯವಸ್ಥೆ ಅದರಲ್ಲಿಲ್ಲ. ಓಡುವ ಬಸ್ಸಿಗೆ ಅದು ಹೇಳಿಸಿದ್ದಲ್ಲ.

ಕೆಂಪುಕಲ್ಲು ಲಾರಿ

ಬ್ಯಾಟರಿಯ ವಿಷಯ ಯಾರೂ ಎತ್ತಲಿಲ್ಲ. ಮಳೆಗಾಲದಲ್ಲಿ ಕಲ್ಲು ಕಡಿಯುವ ಪಣೆ ಮುಚ್ಚಿದಾಗ ಲಾರಿಯನ್ನು ತಗ್ಗಿನ ಶೆಡ್ಡಿನಲ್ಲಿ ನಿಲ್ಲಿಸಿದ್ದೆ. ಕೆಲವು ವಾರ ಕಳೆದು ನೋಡಿದರೆ ಬ್ಯಾಟರಿ ಸತ್ತಿತ್ತು. ಟ್ರ್ಯಾಕರಿನಿಂದಲೇ ಎಂದು ಮೆಕ್ಯಾನಿಕ್ ಹೇಳಿದ.

ತರಂಗಾಂತರ

ಅದು ಸಾಧ್ಯ. ನಿಂತಿರುವಾಗ ಯಂತ್ರ ಹೆಚ್ಚಿನ ಹೊತ್ತು ನಿದ್ರಿಸಬೇಕು. ಸಂಕೇತ ಗಟ್ಟಿಯಾಗಿದ್ದರೆ ಎದ್ದು, ಸಂದೇಶ ಕಳಿಸಿ, ತಕ್ಷಣ ಮಲಗುತ್ತದೆ. ತಗ್ಗಿನಲ್ಲಿ ಸಂಕೇತ ಇಲ್ಲದಿದ್ದರೆ ಎಲ್ಲ ಬ್ಯಾಂಡುಗಳನ್ನೂ ಒಂದೊಂದಾಗಿ ಹುಡುಕುತ್ತದೆ, ಸಿಕ್ಕಿದ್ದರಲ್ಲಿ ಗರಿಷ್ಠ ಶಕ್ತಿಯಲ್ಲಿ ಕೂಗುತ್ತದೆ, ಉತ್ತರ ಬರದಿದ್ದರೆ ಮತ್ತೆ ಮೊದಲಿನಿಂದ ಹುಡುಕುತ್ತದೆ. ಆ ಶೆಡ್ಡಿಗೆ ಕಡಿಮೆ ಆವರ್ತನದ ಸಂಕೇತ ಇಳಿದುಬಂದಿದ್ದರೆ, ಯಂತ್ರಕ್ಕೆ ಅದನ್ನು ಹಿಡಿಯಲು ಬರುತ್ತಿದ್ದರೆ, ಬ್ಯಾಟರಿ ಇನ್ನೂ ಹಲವು ದಿನ ಉಳಿಯುತ್ತಿತ್ತು. ಬೇಸಿಗೆ ರಜೆಯಲ್ಲಿ ಶಾಲಾ ಬಸ್ಸುಗಳಿಗೂ ಇದೇ ಗತಿ, ಮಿನಿಬಸ್ಸಿನವರು ನೆನಪಿಟ್ಟುಕೊಳ್ಳಲಿ.

ಮಿನಿಬಸ್ ಮುಳ್ಳೇರಿಯ

ಎಲ್ಲರಿಗೂ ಧನ್ಯವಾದ. ನೀವು ಹೇಳಿದಂತೆ ದಾಖಲೆ ತೆಗೆಸಿದೆ. ಬಸ್ಸು ಮಾಯವಾದ ಹಾದಿಯುದ್ದಕ್ಕೂ ಚುಕ್ಕೆಗಳಿವೆ, ಉಪಗ್ರಹಗಳು 9ಕ್ಕಿಂತ ಕಡಿಮೆಯಾಗಿಲ್ಲ, ಎಲ್ಲ ಸಂದೇಶಗಳೂ ತಡವಾಗಿ ಕಳಿಸಿದವು ಎಂದಿದೆ. ಸಂಕೇತದ ಬಲ ಇಳಿರಸ್ತೆಯ ಮೊದಲ ತಿರುವಿನಲ್ಲಿ 11, ಸೇತುವೆಯ ಹತ್ತಿರ 4, ಆಮೇಲೆ ಸೊನ್ನೆ.

ಯಂತ್ರದ ಬ್ಯಾಂಡ್ ಪಟ್ಟಿಯನ್ನೂ ಮಾರಿದವರಿಂದ ಪಡೆದೆ. 1, 3, 5, 8, 34, 38, 39, 40, 41 ಎಂದಿದೆ. 28 ಇಲ್ಲ. ಸಿಮ್ಮಿನಲ್ಲಿರುವ ಎರಡು ಕಂಪನಿಗಳಲ್ಲಿ ಒಂದು ಬಿಎಸ್ಎನ್ಎಲ್.

ಕುಂಬಳೆ ಕರಾವಳಿ

34 ಮತ್ತು 39 ಚೀನಾದಲ್ಲಿ ಬಳಸುವ ಬ್ಯಾಂಡುಗಳು, ನಮಗೆ ಅವು ಕಿವಿಯಿಲ್ಲದವರಿಗೆ ಕೊಟ್ಟ ಓಲೆ. ಅಲ್ಲಿಯ ಮಾರುಕಟ್ಟೆಗೆ ಮಾಡಿದ ಮೋಡೆಮನ್ನು ಕೊಂಡು ಇಲ್ಲಿಯ ಪೆಟ್ಟಿಗೆಯೊಳಗೆ ಕೂರಿಸಿದ್ದಾರೆ. ಬಿಎಸ್ಎನ್ಎಲ್ ಸಿಮ್ ಕೊಟ್ಟು ಬ್ಯಾಂಡ್ 28 ಕೊಡದಿರುವುದಕ್ಕೆ ಏನೆನ್ನಬೇಕೋ ನೀವೇ ಹೇಳಿ.

ತರಂಗಾಂತರ

4 ಎಂದರೆ ಸುಮಾರು ಮೈನಸ್ 105 ಡಿಬಿಎಂ (ಸಂಕೇತದ ಬಲದ ಅಳತೆ, ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಸಂಕೇತ ಕ್ಷೀಣ), ಸಂಪರ್ಕ ತಪ್ಪುವ ಅಂಚು. ಈಗ ಮಾಡಬೇಕಾದದ್ದು ಒಂದೇ. ಸೇತುವೆಯ ಹತ್ತಿರ ಫೋನಿನಲ್ಲಿ ಆ ಎರಡೂ ಕಂಪನಿಗಳ ಸಿಮ್ಮನ್ನು ಒಂದೊಂದಾಗಿ ಹಾಕಿ, ಬ್ಯಾಂಡ್ ಸಂಖ್ಯೆ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ಎಷ್ಟನೆಯ ಬ್ಯಾಂಡ್ ಬರುತ್ತಿದೆ ಎಂದು ನೋಡಿ. ಕಡ್ಡಿಗಳನ್ನು ನಂಬಬೇಡಿ, ಎಷ್ಟು ಸಂಕೇತಕ್ಕೆ ಎಷ್ಟು ಕಡ್ಡಿ ಎಂಬುದನ್ನು ಒಬ್ಬೊಬ್ಬ ತಯಾರಕ ಒಂದೊಂದು ರೀತಿ ಇಟ್ಟಿರುತ್ತಾನೆ. ಬ್ಯಾಂಡ್ 28 ಕಂಡರೆ ಹೊಸ ಯಂತ್ರಕ್ಕೆ ಹಣ ಹಾಕಬಹುದು. 5 ಅಥವಾ 8 ಕಂಡರೆ ಈಗಿನ ಯಂತ್ರಕ್ಕೇ ಅದು ಸಿಗಬೇಕಿತ್ತು, ಆಗ ನೇರವಾಗಿ ಬದಿಯಡ್ಕಕ್ಕೆ ಹೋಗಿ ಆಂಟೆನಾ ತೋರಿಸಿ.

ಮಿನಿಬಸ್ ಮುಳ್ಳೇರಿಯ

ಇಂದು ಸಂಜೆ ನೋಡಿ ಬಂದೆ. ಬಿಎಸ್ಎನ್ಎಲ್‌ನಲ್ಲಿ ಬ್ಯಾಂಡ್ 28, ಮೈನಸ್ 104. ಇನ್ನೊಂದು ಕಂಪನಿಯಲ್ಲಿ ಬ್ಯಾಂಡ್ 8, ಮೈನಸ್ 116, ಅದೂ ಬಂದು ಹೋಗುತ್ತಿತ್ತು. ಚಾಲಕ ಮಾತನಾಡುತ್ತಿದ್ದದ್ದು ಬಿಎಸ್ಎನ್ಎಲ್‌ನಲ್ಲಿ. ಒಂದು ಬಸ್ಸಿಗೆ ಬ್ಯಾಂಡ್ 28 ಮತ್ತು ಹೊರ ಆಂಟೆನಾ ಇರುವ ಯಂತ್ರ ಹಾಕಿಸುತ್ತೇನೆ, ಇನ್ನೊಂದರ ಆಂಟೆನಾವನ್ನು ಮಾತ್ರ ಮೇಲಕ್ಕೆ ತರಿಸುತ್ತೇನೆ. ಎರಡೂ ಒಂದೇ ರಸ್ತೆಯಲ್ಲಿ ಓಡುವುದರಿಂದ ಯಾವುದು ಗೆಲ್ಲುತ್ತದೆ ಎಂಬುದು ತಿಳಿಯುತ್ತದೆ.

ಪಾಣತ್ತೂರು ಘಾಟಿ

ಕೊಳ್ಳುವ ಮೊದಲು ಒಂದು ಎಚ್ಚರಿಕೆ. ಪ್ರಮಾಣೀಕರಣ ಪಡೆದ ಮಾದರಿಯನ್ನೇ ಹಾಕಿಸಬೇಕು, ಮತ್ತು ಹೊಸ ಯಂತ್ರದ ಐಎಂಇಐ ಸಂಖ್ಯೆ ವಾಹನದ ದಾಖಲೆಗೆ ಸೇರಬೇಕು. ಬರಿದೇ ಯಂತ್ರ ಬದಲಾಯಿಸಿ ಸುಮ್ಮನಿದ್ದರೆ ಫಿಟ್‌ನೆಸ್ ಪರೀಕ್ಷೆಯ ದಿನ ತೊಂದರೆಯಾಗುತ್ತದೆ.

ಬದಿಯಡ್ಕ ಆಟೋ ಇಲೆಕ್ಟ್ರಿಷಿಯನ್

ಶನಿವಾರ ಬನ್ನಿ, ಎರಡೂ ಬಸ್ಸುಗಳನ್ನು ತನ್ನಿ. ಆಂಟೆನಾದ ತಂತಿ ಮೂರು ಮೀಟರಿನದ್ದು ಸಾಕು, ಉದ್ದದ್ದನ್ನು ಕೊಳ್ಳಬೇಡಿ, ತಂತಿ ಉದ್ದವಾದಷ್ಟೂ ಅದರೊಳಗೇ ಸಂಕೇತ ಸೋರುತ್ತದೆ.

ಇಬ್ಬರು ಮಕ್ಕಳ ತಾಯಿ

ಯಾವ ಬಸ್ಸಿಗೆ ಹೊಸ ಯಂತ್ರ ಹಾಕಿಸುತ್ತೀರಿ ಎಂಬುದನ್ನು ಪೋಷಕರ ಗುಂಪಿನಲ್ಲಿ ಮೊದಲೇ ತಿಳಿಸಿಬಿಡಿ. ಇಲ್ಲದಿದ್ದರೆ ಅದಕ್ಕೂ ಫೋನು ಬರುತ್ತದೆ.